ನಿಂತು ನಡೆಯುವ ಕಂಪ್ಯೂಟರ್‌ಗಳಲ್ಲಿ ಆವರ್ತಕ ಕೆಲಸಗಳ ನಿಗದಿ

ದಿನಕ್ಕೊಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಆಗಲೇಬೇಕಾದ ಕೆಲಸಗಳನ್ನು ಯಾರೂ ಕೈ ಹಚ್ಚದೆ ಕಂಪ್ಯೂಟರ್ ತಾನೇ ಮಾಡುವಂತೆ ಗೊತ್ತುಪಡಿಸುವುದಕ್ಕೆ ಆವರ್ತಕ ಕೆಲಸಗಳ ನಿಗದಿ ಎನ್ನುತ್ತಾರೆ. ಲೆಕ್ಕಪತ್ರದ ಬ್ಯಾಕಪ್ ತೆಗೆಯುವುದು, ಹಳೆಯ ಕಡತಗಳನ್ನು ಅಳಿಸುವುದು, ದಿನದ ವರದಿಯನ್ನು ಮೇಲಿನ ಕಚೇರಿಗೆ ಕಳಿಸುವುದು, ವೈರಸ್ ತಪಾಸಣೆ, ತಂತ್ರಾಂಶದ ನವೀಕರಣ, ಫಲಾನುಭವಿಗಳಿಗೆ ಎಸ್‌ಎಂಎಸ್ ರವಾನೆ ಇವೆಲ್ಲ ಈ ಬಗೆಯ ಕೆಲಸಗಳು. ಹಗಲು ರಾತ್ರಿ ಚಾಲೂ ಇರುವ ಡೇಟಾ ಸೆಂಟರ್‌ಗಳಲ್ಲಿ ಇದು ಸುಲಭ. ಗೊತ್ತುಮಾಡಿದ ಗಳಿಗೆಯಲ್ಲಿ ಯಂತ್ರವೇ ಬಂದ್ ಆಗಿದ್ದರೆ ಏನಾಗಬೇಕು ಎಂಬುದು ನಿಜವಾದ ಪ್ರಶ್ನೆ.

ಈ ಪ್ರಶ್ನೆಗೆ ನಾಲ್ಕು ದಶಕಗಳಲ್ಲಿ ಹಲವು ಉತ್ತರಗಳು ಬಂದಿವೆ. ಕ್ರಾನ್, ಅನಾಕ್ರಾನ್, ಸಿಸ್ಟಮ್‌ಡಿ ಟೈಮರ್, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್, ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್ ಇವು ಮುಖ್ಯವಾದವು. ಇವುಗಳ ಬೆಳವಣಿಗೆಯನ್ನು ನೋಡಿದರೆ ಒಂದು ತತ್ವ ಸ್ಪಷ್ಟವಾಗುತ್ತದೆ. ಗಳಿಗೆಯನ್ನು ಮಾತ್ರ ಕಾಯುವ ವ್ಯವಸ್ಥೆ ಯಂತ್ರ ನಿಂತಾಗ ಸೋಲುತ್ತದೆ. ಯಾವುದು ಆಗಿದೆ, ಯಾವುದು ಬಾಕಿ ಇದೆ ಎಂದು ಬರೆದಿಟ್ಟುಕೊಳ್ಳುವ ವ್ಯವಸ್ಥೆ ಯಂತ್ರ ಎದ್ದ ಮೇಲೆ ಬಾಕಿ ತೀರಿಸುತ್ತದೆ.

ಮನಗೂಳಿಯಂಥ ಊರುಗಳ ಸ್ಥಿತಿ

ಮನಗೂಳಿ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಪಟ್ಟಣ. ವಿಜಯಪುರದಿಂದ ಹೊಸಪೇಟೆಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರ ಮಾರ್ಗದಲ್ಲಿದ್ದು, ಇಲ್ಲಿ ಪಟ್ಟಣ ಪಂಚಾಯಿತಿ ಇದೆ. ಸುತ್ತಲಿನ ಹಳ್ಳಿಗಳಲ್ಲೂ, ನೆರೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಸೀಮೆಯಲ್ಲೂ ಕಂಪ್ಯೂಟರ್ ಇಲ್ಲದ ಸಾರ್ವಜನಿಕ ಕಚೇರಿ ಈಗ ಸಿಗುವುದು ಅಪರೂಪ. ನಾಡಕಚೇರಿ, ಗ್ರಾಮ ಪಂಚಾಯಿತಿ, ಪಹಣಿ ಕೊಡುವ ಭೂಮಿ ಕೇಂದ್ರ, ಗ್ರಾಮ ಒನ್, ಬ್ಯಾಂಕ್ ಶಾಖೆ, ಹಾಲು ಉತ್ಪಾದಕರ ಸಂಘ, ಕೃಷಿ ಪತ್ತಿನ ಸಹಕಾರ ಸಂಘ, ಶಾಲೆ, ಗ್ರಂಥಾಲಯ, ಗೊಬ್ಬರದ ಅಂಗಡಿ ಹೀಗೆ ಹೆಚ್ಚಿನ ಕಡೆ ಒಂದಾದರೂ ಯಂತ್ರ ಕೂತಿದೆ. ಜನರ ಜಮೀನು, ಸಾಲ, ಹಾಲಿನ ಹಣದ ಲೆಕ್ಕ ಅವುಗಳ ಮೂಲಕವೇ ಸಾಗುತ್ತದೆ. ಹಾಗಾಗಿ ಇಲ್ಲಿ ಒಂದು ಬ್ಯಾಕಪ್ ತಪ್ಪಿದರೆ ಅದರ ಪೆಟ್ಟು ನೇರವಾಗಿ ಒಂದು ಮನೆಯ ಮೇಲೆ ಬೀಳುತ್ತದೆ.

ವಿದ್ಯುತ್ ಉತ್ಪಾದನೆಗೆ ಈ ಜಿಲ್ಲೆ ಹೆಸರಾದದ್ದು. ಕೂಡಗಿಯಲ್ಲಿ ತಲಾ 800 ಮೆಗಾವಾಟ್‌ನ ಮೂರು ಘಟಕಗಳ, ಒಟ್ಟು 2,400 ಮೆಗಾವಾಟ್ ಸಾಮರ್ಥ್ಯದ ಎನ್‌ಟಿಪಿಸಿ ಶಾಖೋತ್ಪನ್ನ ಸ್ಥಾವರವಿದೆ. ಆಲಮಟ್ಟಿಯ ಜಲವಿದ್ಯುದಾಗಾರದ್ದು 290 ಮೆಗಾವಾಟ್. ಆದರೆ ಸ್ಥಾವರ ಹತ್ತಿರವಿದ್ದ ಮಾತ್ರಕ್ಕೆ ಕಚೇರಿಯ ಪ್ಲಗ್ಗಿನಲ್ಲಿ ಕರೆಂಟ್ ಇದ್ದೇ ಇರುತ್ತದೆ ಎನ್ನುವಂತಿಲ್ಲ. ಹುಬ್ಬಳ್ಳಿ ಮೂಲದ ಹೆಸ್ಕಾಂ ಏಳು ಜಿಲ್ಲೆಗಳಿಗೆ ವಿದ್ಯುತ್ ಹಂಚುತ್ತದೆ. ಸ್ಥಾವರದ ಕರೆಂಟ್ ಉಪಕೇಂದ್ರ, 11 ಕೆವಿ ಫೀಡರ್, ಟ್ರಾನ್ಸ್‌ಫಾರ್ಮರ್, ಕೊನೆಯ ಕಂಬ ಇಷ್ಟನ್ನೂ ದಾಟಿ ಬರಬೇಕು. ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ತಂತಿ ಹರಿಯುತ್ತದೆ, ದುರಸ್ತಿಗೆಂದು ಲೈನ್ ತೆಗೆಯುತ್ತಾರೆ. ಕೃಷಿ ಪಂಪ್‌ಸೆಟ್‌ಗಳ ಫೀಡರನ್ನು ಮನೆ ಫೀಡರಿನಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಹಳ್ಳಿಗಳ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೂ ಬಿಡುವುಗಳು ಉಳಿದಿವೆ.

ಯಂತ್ರ ನಿಲ್ಲುವುದಕ್ಕೆ ಕರೆಂಟಿಗಿಂತ ಸಾಮಾನ್ಯವಾದ ಕಾರಣ ಇನ್ನೊಂದಿದೆ: ಸಂಜೆ ಕಚೇರಿಗೆ ಬೀಗ ಹಾಕುವಾಗ ಕಂಪ್ಯೂಟರನ್ನೂ ಬಂದ್ ಮಾಡುತ್ತಾರೆ. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ, ಹಬ್ಬದ ರಜೆಗಳಲ್ಲಿ ಅದು ಏಳುವುದೇ ಇಲ್ಲ. ಇದು ದೋಷವಲ್ಲ, ವಿದ್ಯುತ್ ಉಳಿಸುವ ಒಳ್ಳೆಯ ಅಭ್ಯಾಸ. ನಿಗದಿಯ ವ್ಯವಸ್ಥೆಯೇ ಈ ಅಭ್ಯಾಸಕ್ಕೆ ಹೊಂದಿಕೊಳ್ಳಬೇಕು.

ಕ್ರಾನ್: ಗಳಿಗೆ ಕಾಯುವ ವ್ಯವಸ್ಥೆ

ಯುನಿಕ್ಸ್ ಕುಟುಂಬದ ಕಾರ್ಯವ್ಯವಸ್ಥೆಗಳಲ್ಲಿ ನಿಗದಿಯ ಕೆಲಸ ಮೊದಲಿನಿಂದ ಕ್ರಾನ್‌ನದು. ಬೆಲ್ ಪ್ರಯೋಗಾಲಯದ 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿದ್ದ ಕ್ರಾನ್ ಬಹಳ ಸರಳ. ನಿಮಿಷಕ್ಕೊಮ್ಮೆ ಎಚ್ಚರಗೊಂಡು, ಪಟ್ಟಿಯಲ್ಲಿ ಈ ನಿಮಿಷಕ್ಕೆ ಬರೆದ ಕೆಲಸವಿದೆಯೇ ನೋಡಿ, ಇದ್ದರೆ ಚಾಲೂ ಮಾಡಿ ಮತ್ತೆ ಮಲಗುತ್ತಿತ್ತು. ಒಂದು ಯಂತ್ರವನ್ನು ನೂರಾರು ಜನ ಹಂಚಿಕೊಳ್ಳುವ ಕಾಲದಲ್ಲಿ ಪ್ರತಿ ಬಳಕೆದಾರನಿಗೂ ಬೇರೆ ಪಟ್ಟಿ ಬೇಕಾಯಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬ್ರೌನ್ ಆ ದಿಕ್ಕಿನಲ್ಲಿ ಕ್ರಾನ್ ಅನ್ನು ಹೊಸದಾಗಿ ರೂಪಿಸಿದರು. 1987ರಲ್ಲಿ ಪಾಲ್ ವಿಕ್ಸಿ ಬರೆದು ಮುಕ್ತವಾಗಿ ಹಂಚಿದ ಆವೃತ್ತಿ ಲಿನಕ್ಸ್ ಮತ್ತು ಬಿಎಸ್‌ಡಿಗಳಲ್ಲಿ ನೆಲೆಯಾಯಿತು. ಅದರಿಂದ 2007ರಲ್ಲಿ ಕವಲೊಡೆದ ಕ್ರೋನಿ ಇಂದು ರೆಡ್ ಹ್ಯಾಟ್ ಮತ್ತು ಫೆಡೋರಾ ಯಂತ್ರಗಳಲ್ಲಿದೆ.

ಕ್ರಾನ್‌ಟ್ಯಾಬ್ ಎಂಬ ಪಟ್ಟಿಯ ಪ್ರತಿ ಸಾಲಿನಲ್ಲಿ ಐದು ಕಾಲಸೂಚಕಗಳು ಕ್ರಮವಾಗಿ ಇರುತ್ತವೆ: ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರದ ದಿನ. ಆಮೇಲೆ ಆದೇಶ. ‘0 20 * * *’ ಎಂದರೆ ಪ್ರತಿದಿನ ರಾತ್ರಿ 8 ಗಂಟೆಗೆ. ‘30 10 * * 1’ ಎಂದರೆ ಪ್ರತಿ ಸೋಮವಾರ ಬೆಳಿಗ್ಗೆ 10.30ಕ್ಕೆ. ಐದು ಅಂಕಿಗಳಲ್ಲಿ ಇಡೀ ಪಂಚಾಂಗ ಹಿಡಿಸುವ ಈ ಬರವಣಿಗೆ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಆಮೇಲೆ ಬಂದ ಹತ್ತಾರು ವ್ಯವಸ್ಥೆಗಳು ಇದನ್ನೇ ಎತ್ತಿಕೊಂಡವು.

ಕ್ರಾನ್‌ನ ಕೊರತೆ ಒಂದೇ, ಅದಕ್ಕೆ ನೆನಪಿಲ್ಲ. ರಾತ್ರಿ 8ಕ್ಕೆ ಯಂತ್ರ ಬಂದ್ ಇದ್ದರೆ ಆ ದಿನದ ಕೆಲಸ ಹೋದಂತೆಯೇ. ಮರುದಿನ ಯಂತ್ರ ಎದ್ದಾಗ ಕ್ರಾನ್ ಮುಂದಿನ 8 ಗಂಟೆಯನ್ನಷ್ಟೇ ಕಾಯುತ್ತದೆ, ಹಿಂದಿನದನ್ನು ಕೇಳುವುದಿಲ್ಲ. ಯಂತ್ರ ಏಳುತ್ತಲೇ ಒಂದು ಆದೇಶ ನಡೆಸುವ ‘ರೀಬೂಟ್’ ಸೂಚನೆ ಅದರಲ್ಲಿದೆ. ಆದರೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬಂದರೆ ಆ ಆದೇಶವೂ ನಾಲ್ಕು ಸಲ ನಡೆಯುತ್ತದೆ.

ಡೆಬಿಯನ್ ಲಿನಕ್ಸ್‌ನ ಕ್ರಾನ್ ಪಟ್ಟಿ ಈ ಕೊರತೆಗೆ ಒಳ್ಳೆಯ ನಿದರ್ಶನ. ಅಲ್ಲಿ ದಿನದ ಕೆಲಸಗಳು ಬೆಳಿಗ್ಗೆ 6.25ಕ್ಕೆ, ವಾರದವು ಭಾನುವಾರ 6.47ಕ್ಕೆ, ತಿಂಗಳವು 1ನೇ ತಾರೀಖು 6.52ಕ್ಕೆ ನಿಗದಿಯಾಗಿವೆ. ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ಮುಚ್ಚುವ, ಭಾನುವಾರ ರಜೆಯಿರುವ ಕಚೇರಿಯಲ್ಲಿ ಇವು ಮೂರರಲ್ಲಿ ಒಂದೂ ಎಂದೂ ನಡೆಯುವುದಿಲ್ಲ. ಪರದೆಯ ಮೇಲೆ ಯಾವ ದೂರೂ ಕಾಣುವುದಿಲ್ಲ, ಏಕೆಂದರೆ ಕ್ರಾನ್‌ನ ದೃಷ್ಟಿಯಲ್ಲಿ ತಪ್ಪೇನೂ ಆಗಿಲ್ಲ. ಡಿಸ್ಕ್ ಕೆಟ್ಟ ದಿನವೇ ಬ್ಯಾಕಪ್ ಇಲ್ಲವೆಂಬುದು ಗೊತ್ತಾಗುತ್ತದೆ.

ಅನಾಕ್ರಾನ್: ಬಾಕಿ ಬರೆದಿಡುವ ವ್ಯವಸ್ಥೆ

ಈ ಕೊರತೆ ತುಂಬಲು ಬಂದದ್ದು ಅನಾಕ್ರಾನ್. ಮೊದಲು ಕ್ರಿಸ್ಟಿಯನ್ ಶ್ವಾರ್ಜ್ ಇದನ್ನು ಪರ್ಲ್ ಭಾಷೆಯಲ್ಲಿ ಬರೆದರು. ಆಮೇಲೆ ಇಟಾಯ್ ತ್ಸುರ್ ಸಿ ಭಾಷೆಯಲ್ಲಿ ಮತ್ತೆ ಬರೆದರು. ಕ್ರೋನಿ ಯೋಜನೆ 2009ರಲ್ಲಿ ಇದನ್ನು ತನ್ನೊಳಗೆ ಸೇರಿಸಿಕೊಂಡಿತು. ಅನಾಕ್ರಾನ್ ಗಂಟೆ ನಿಮಿಷ ಕೇಳುವುದಿಲ್ಲ, ಎಷ್ಟು ದಿನಕ್ಕೊಮ್ಮೆ ಎಂದಷ್ಟೇ ಕೇಳುತ್ತದೆ. ಅದರ ಪಟ್ಟಿಯ ಸಾಲಿನಲ್ಲಿ ನಾಲ್ಕು ಭಾಗಗಳು: ದಿನಗಳ ಅಂತರ, ಯಂತ್ರ ಎದ್ದ ಮೇಲೆ ಎಷ್ಟು ನಿಮಿಷ ತಾಳಬೇಕು, ಕೆಲಸದ ಹೆಸರು, ಆದೇಶ. ಪ್ರತಿ ಕೆಲಸಕ್ಕೂ ಒಂದು ಪುಟ್ಟ ಕಡತವಿದ್ದು, ಕೊನೆಯ ಸಲ ಕೆಲಸ ನಡೆದ ತಾರೀಖು ಎಂಟು ಅಂಕಿಗಳಲ್ಲಿ ಅದರಲ್ಲಿರುತ್ತದೆ. ಅಂಗಡಿಯ ಉದ್ರಿ ವಹಿಯ ಹಾಗೆ, ಬಾಗಿಲು ಎರಡು ದಿನ ಮುಚ್ಚಿದ್ದರೂ ಬರೆದಿಟ್ಟ ಬಾಕಿ ಅಳಿಯುವುದಿಲ್ಲ.

ಒಂದು ಸಣ್ಣ ಕಚೇರಿಯ ಲೆಕ್ಕದ ಯಂತ್ರವನ್ನು ಎಣಿಸಿಕೊಳ್ಳೋಣ. ಕಚೇರಿ ಮುಚ್ಚುವುದು ಸಂಜೆ 6ಕ್ಕೆ. ಸೋಮವಾರ ಬ್ಯಾಕಪ್ ಆಗಿದೆ; ಕಡತದಲ್ಲಿ ‘20260309’ ಎಂದಿದೆ. ಮಂಗಳವಾರ ಇಡೀ ದಿನ ಲೈನ್ ದುರಸ್ತಿ, ಯಂತ್ರ ಏಳಲೇ ಇಲ್ಲ. ಬುಧವಾರ ಬೆಳಿಗ್ಗೆ 10.05ಕ್ಕೆ ಯಂತ್ರ ಚಾಲೂ ಆಯಿತು. ರಾತ್ರಿ 8 ಎಂದು ಬರೆಸಿಕೊಂಡ ಕ್ರಾನ್ ರಾತ್ರಿಗಾಗಿ ಕಾಯುತ್ತದೆ, ಆ ರಾತ್ರಿ ಬರುವ ಮೊದಲೇ ಯಂತ್ರ ಬಂದ್ ಆಗುತ್ತದೆ. ಅನಾಕ್ರಾನ್ ಮಾತ್ರ ಇಂದಿನ ತಾರೀಖಿನಿಂದ ಕಡತದ ತಾರೀಖನ್ನು ಕಳೆಯುತ್ತದೆ. ಎರಡು ದಿನವಾಗಿದೆ, ಅಂತರ ಒಂದು ದಿನದ್ದು, ಅಂದರೆ ಬಾಕಿ ಇದೆ. ಗೊತ್ತುಮಾಡಿದ ಐದು ನಿಮಿಷ ತಾಳಿ 10.10ಕ್ಕೆ ಬ್ಯಾಕಪ್ ಆರಂಭಿಸಿ, ಮುಗಿದ ಮೇಲೆ ‘20260311’ ಎಂದು ಬರೆಯುತ್ತದೆ. ಆ ಐದು ನಿಮಿಷದ ತಾಳ್ಮೆಗೂ ಕಾರಣವಿದೆ. ಯಂತ್ರ ಆಗಷ್ಟೇ ಏಳುತ್ತಿರುವಾಗ ಬಾಕಿ ಕೆಲಸಗಳೆಲ್ಲ ಒಟ್ಟಿಗೆ ಡಿಸ್ಕಿಗೆ ಮುಗಿಬಿದ್ದರೆ ಕೌಂಟರ್ ಮುಂದೆ ನಿಂತ ಜನರ ಕೆಲಸ ಹಿಂದೆ ಬೀಳುತ್ತದೆ.

ಅನಾಕ್ರಾನ್‌ಗೂ ಮಿತಿಗಳಿವೆ. ಅದರ ಲೆಕ್ಕದಲ್ಲಿ ಒಂದು ದಿನಕ್ಕಿಂತ ಸಣ್ಣ ಅಂತರವಿಲ್ಲ. ಎಷ್ಟೇ ದಿನ ತಪ್ಪಿದ್ದರೂ ಕೆಲಸವನ್ನು ಒಂದೇ ಸಲ ನಡೆಸುತ್ತದೆ. ಯುಪಿಎಸ್ ಇಲ್ಲದ ಕಡೆ ಜನ ಆರಿಸಿಕೊಳ್ಳುವ ಲ್ಯಾಪ್‌ಟಾಪ್‌ಗಳ ಮಟ್ಟಿಗೆ ಇನ್ನೊಂದು ಮಾತು ಗಮನಿಸಬೇಕು: ಮುಖ್ಯ ಲಿನಕ್ಸ್ ವಿತರಣೆಗಳ ಸಿದ್ಧ ಏರ್ಪಾಡಿನಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಿದ್ದರೆ ಅನಾಕ್ರಾನ್ ಕೆಲಸ ಆರಂಭಿಸುವುದಿಲ್ಲ. ಬ್ಯಾಟರಿ ಉಳಿಸಲು ಮಾಡಿದ ಈ ಏರ್ಪಾಡು, ಹಗಲಿನ ಬಹುಪಾಲು ಬ್ಯಾಟರಿಯಲ್ಲೇ ಕಳೆಯುವ ಯಂತ್ರಕ್ಕೆ ಅಡ್ಡಿಯಾಗುತ್ತದೆ. ಅಂಥಲ್ಲಿ ಈ ಷರತ್ತನ್ನು ತಿಳಿದು ತೆಗೆಯಬೇಕು.

ಸಿಸ್ಟಮ್‌ಡಿ ಟೈಮರ್

2010ರಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಆರಂಭಿಸಿದ ಸಿಸ್ಟಮ್‌ಡಿ ಈಗ ಬಹುತೇಕ ಲಿನಕ್ಸ್ ಯಂತ್ರಗಳನ್ನು ಎಬ್ಬಿಸಿ ನಡೆಸುತ್ತದೆ. ಅದರ ಟೈಮರ್‌ನಲ್ಲಿ ಕ್ರಾನ್‌ನಂತೆ ಗಂಟೆ ನಿಮಿಷ ಬರೆಯಬಹುದು. ಜೊತೆಗೆ ‘ಪರ್ಸಿಸ್ಟೆಂಟ್’ ಎಂಬ ಒಂದು ಸಾಲು ಸೇರಿಸಿದರೆ ಕೊನೆಯ ಸಲ ಯಾವಾಗ ಚಾಲೂ ಆಯಿತೆಂಬುದನ್ನು ಡಿಸ್ಕಿನ ಮೇಲೆ ಗುರುತು ಹಾಕುತ್ತದೆ. ಯಂತ್ರ ಎದ್ದಾಗ, ಬಂದ್ ಇದ್ದ ಹೊತ್ತಿನಲ್ಲಿ ಒಂದು ಸರದಿಯಾದರೂ ತಪ್ಪಿದ್ದರೆ ಕೂಡಲೇ ಕೆಲಸ ನಡೆಸುತ್ತದೆ. ಕ್ರಾನ್‌ನ ನಿಖರತೆ, ಅನಾಕ್ರಾನ್‌ನ ನೆನಪು ಎರಡೂ ಇಲ್ಲಿ ಸೇರಿವೆ. ಬಾಕಿ ಕೆಲಸಗಳು ಒಟ್ಟಿಗೆ ನುಗ್ಗದಂತೆ ಯಾದೃಚ್ಛಿಕ ವಿಳಂಬ ಕೊಡುವ ಸಾಲೂ, ಯಂತ್ರಾಂಶ ಒಪ್ಪುವುದಾದರೆ ಮಲಗಿದ ಯಂತ್ರವನ್ನು ಎಬ್ಬಿಸುವ ಸಾಲೂ ಇವೆ. ಆದರೆ ‘ಪರ್ಸಿಸ್ಟೆಂಟ್’ ತಾನಾಗಿ ಸಿಗುವ ಸೌಲಭ್ಯವಲ್ಲ. ಬರೆಯದಿದ್ದರೆ ಸಿಸ್ಟಮ್‌ಡಿ ಕೂಡ ಕ್ರಾನ್‌ನಂತೆ ಮರೆಗುಳಿಯೇ.

ಬೇರೆ ವ್ಯವಸ್ಥೆಗಳು

ಕರ್ನಾಟಕದ ಸಣ್ಣ ಕಚೇರಿ ಮತ್ತು ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ವಿಂಡೋಸ್. ಅದರ ಟಾಸ್ಕ್ ಶೆಡ್ಯೂಲರ್‌ನಲ್ಲಿ ‘ನಿಗದಿತ ಆರಂಭ ತಪ್ಪಿದರೆ ಆದಷ್ಟು ಬೇಗ ನಡೆಸು’ ಎಂಬರ್ಥದ ಒಂದು ಚೌಕವಿದೆ. ಹೊಸ ಕೆಲಸ ರಚಿಸಿದಾಗ ಅದಕ್ಕೆ ಗುರುತು ಬಿದ್ದಿರುವುದಿಲ್ಲ, ನಾವೇ ಹಾಕಬೇಕು. ‘ಮುಖ್ಯ ವಿದ್ಯುತ್ ಇದ್ದರೆ ಮಾತ್ರ ಆರಂಭಿಸು’ ಎಂಬ ಚೌಕಕ್ಕೆ ಮೊದಲೇ ಗುರುತಿರುತ್ತದೆ, ಲ್ಯಾಪ್‌ಟಾಪಿನಲ್ಲಿ ಬೇಕಿದ್ದರೆ ತೆಗೆಯಬೇಕು. ಒಂದು ಕಚೇರಿಯ ಬ್ಯಾಕಪ್ ನಂಬಿಕೆಗೆ ಅರ್ಹವೋ ಅಲ್ಲವೋ ಎಂಬುದನ್ನು ಅನೇಕ ಕಡೆ ಈ ಎರಡು ಚೌಕಗಳೇ ತೀರ್ಮಾನಿಸುತ್ತವೆ.

ಆಪಲ್‌ನ ಮ್ಯಾಕ್ ಯಂತ್ರಗಳಲ್ಲಿ 2005ರಿಂದ ಲಾಂಚ್‌ಡಿ ಇದೆ. ಯಂತ್ರ ನಿದ್ರೆಯಲ್ಲಿದ್ದಾಗ ತಪ್ಪಿದ ಸರದಿಗಳನ್ನು ಎದ್ದ ಮೇಲೆ ಒಂದೇ ಸಲವಾಗಿ ಒಗ್ಗೂಡಿಸಿ ನಡೆಸುತ್ತದೆ. ಪೂರ್ತಿ ಬಂದ್ ಆಗಿದ್ದರೆ ಆ ಸರದಿ ಹೋದಂತೆ. ನಿದ್ರೆ ಮತ್ತು ಬಂದ್ ಎರಡೂ ಒಂದೇ ಎಂದು ತಿಳಿಯುವ ಬಳಕೆದಾರರಿಗೆ ಈ ವ್ಯತ್ಯಾಸ ಮುಖ್ಯ.

ಹಳ್ಳಿಗಳಲ್ಲಿ ಈಗ ಬಹಳಷ್ಟು ಕೆಲಸ ಮೊಬೈಲ್‌ನಲ್ಲೇ ನಡೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಅಲಾರಂ ಮೂಲಕ ಗೊತ್ತುಮಾಡಿದ್ದು ಫೋನ್ ಬಂದ್ ಆಗಿ ಎದ್ದರೆ ಅಳಿದುಹೋಗುತ್ತದೆ. ಆಪ್ ಅದನ್ನು ಮತ್ತೆ ಕಟ್ಟಬೇಕು. 2018ರಲ್ಲಿ ಗೂಗಲ್ ಪರಿಚಯಿಸಿದ ವರ್ಕ್‌ಮ್ಯಾನೇಜರ್ ಬಾಕಿ ಕೆಲಸಗಳನ್ನು ಫೋನಿನೊಳಗಿನ ದತ್ತಸಂಚಯದಲ್ಲಿ ಬರೆದಿಡುವುದರಿಂದ ಅವು ಫೋನ್ ಮತ್ತೆ ಎದ್ದರೂ ಉಳಿಯುತ್ತವೆ. ನೆಟ್‌ವರ್ಕ್ ಇದ್ದಾಗ ಮಾತ್ರ, ಚಾರ್ಜ್ ಆಗುತ್ತಿರುವಾಗ ಮಾತ್ರ ಎಂಬ ಷರತ್ತುಗಳನ್ನೂ ಒಡ್ಡಬಹುದು. ಮರುಕಳಿಸುವ ಕೆಲಸಕ್ಕೆ ಅಲ್ಲಿನ ಕನಿಷ್ಠ ಅಂತರ 15 ನಿಮಿಷ.

ತಪ್ಪಿದ್ದನ್ನು ಎಷ್ಟು ಸಲ ಮಾಡಬೇಕು

ಬಾಕಿ ತೀರಿಸುವುದು ಎಂದರೆ ಎಲ್ಲ ಕೆಲಸಕ್ಕೂ ಒಂದೇ ಅರ್ಥವಲ್ಲ. ಮೂರು ದಿನ ಬ್ಯಾಕಪ್ ತಪ್ಪಿದ್ದರೆ ಈಗ ಒಂದು ಸಲ ತೆಗೆದರೆ ಸಾಕು, ಇಂದಿನ ಪ್ರತಿಯಲ್ಲಿ ಹಿಂದಿನದೂ ಸೇರಿದೆ. ಬೆಳಿಗ್ಗೆ ಕಳಿಸಬೇಕಿದ್ದ ‘ಇಂದು ಸಭೆ ಇದೆ’ ಎಂಬ ಸಂದೇಶ ತಪ್ಪಿದರೆ ಮರುದಿನ ಕಳಿಸುವುದೇ ತಪ್ಪು. ದಿನದ ಲೆಕ್ಕದ ವರದಿ ಮೂರು ದಿನ ತಪ್ಪಿದ್ದರೆ ಮೂರು ವರದಿಗಳೂ ಬೇಕು, ಪ್ರತಿಯೊಂದರಲ್ಲೂ ಅದರದೇ ತಾರೀಖಿನ ಅಂಕಿ ಇರಬೇಕು.

ಹಾಲು ಉತ್ಪಾದಕರ ಸಂಘದ ಉದಾಹರಣೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹಾಲು ಸಂಗ್ರಹ ನಡೆಯುವುದು ಬೆಳಿಗ್ಗೆ ಮತ್ತು ಸಂಜೆ, ಎರಡು ಪಾಳಿ. ಪ್ರತಿ ಪಾಳಿಯಲ್ಲಿ ಪ್ರತಿಯೊಬ್ಬ ಉತ್ಪಾದಕನ ಹಾಲಿನ ಅಳತೆ, ಕೊಬ್ಬಿನಂಶ, ದರ ದಾಖಲಾಗುತ್ತದೆ. ಪಾಳಿ ಮುಗಿದ ಮೇಲೆ ದಾಖಲೆ ಒಕ್ಕೂಟಕ್ಕೆ ರವಾನೆಯಾಗಬೇಕು ಎಂದಿಟ್ಟುಕೊಳ್ಳಿ. ಅನಾಕ್ರಾನ್‌ಗೆ ದಿನಕ್ಕಿಂತ ಸಣ್ಣ ಅಂತರವಿಲ್ಲ, ಆದ್ದರಿಂದ ಎರಡು ಪಾಳಿ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಸಿಸ್ಟಮ್‌ಡಿ ಟೈಮರ್ ಎರಡು ಪಾಳಿಯ ಹೊತ್ತನ್ನೂ ಬರೆಸಿಕೊಳ್ಳುತ್ತದೆ, ಆದರೆ ನಾಲ್ಕು ಪಾಳಿ ತಪ್ಪಿದರೂ ಒಂದೇ ಸಲ ಕೆಲಸ ಆರಂಭಿಸುತ್ತದೆ. ಹೀಗಾಗಿ ಜಾಣತನ ಕೆಲಸದೊಳಗೇ ಇರಬೇಕು. ರವಾನೆಯ ತಂತ್ರಾಂಶ ಎದ್ದ ಕೂಡಲೇ ‘ಈಗಿನ ಪಾಳಿ ಯಾವುದು’ ಎಂದು ಕೇಳಬಾರದು. ‘ಯಾವ ಯಾವ ಪಾಳಿ ಇನ್ನೂ ಹೋಗಿಲ್ಲ’ ಎಂದು ಕೇಳಬೇಕು. ಪ್ರತಿ ಪಾಳಿಯ ದಾಖಲೆಗೂ ಕಳಿಸಿದ್ದು, ಮುಟ್ಟಿದ್ದು ಎಂಬ ಗುರುತಿದ್ದರೆ, ಅದು ಹಳೆಯದರಿಂದ ಹಿಡಿದು ಒಂದೊಂದಾಗಿ ಬಾಕಿ ತೀರಿಸುತ್ತದೆ. ಆಗ ನಿಗದಿಯ ವ್ಯವಸ್ಥೆ ಎಬ್ಬಿಸುವ ಕೆಲಸವನ್ನಷ್ಟೇ ಮಾಡಿದರೆ ಸಾಕು. ದಿನಕ್ಕೆರಡು ಸಲದ ಬದಲು ಹದಿನೈದು ನಿಮಿಷಕ್ಕೊಮ್ಮೆ ಎಬ್ಬಿಸಿದರೂ ಹಾನಿಯಿಲ್ಲ. ಈ ವಿನ್ಯಾಸ ಯಾವ ಕಾರ್ಯವ್ಯವಸ್ಥೆಗೂ ಒಗ್ಗುತ್ತದೆ.

ಅರ್ಧಕ್ಕೆ ನಿಂತ ಕೆಲಸ

ಕೆಲಸ ಆರಂಭವಾಗುವ ಮೊದಲೇ ಕರೆಂಟ್ ಹೋಗುವುದು ಒಂದು ಬಗೆ, ಕೆಲಸದ ನಡುವೆ ಹೋಗುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯದ್ದು. ಇಲ್ಲಿ ಅನಾಕ್ರಾನ್‌ಗೂ ಸಿಸ್ಟಮ್‌ಡಿಗೂ ಒಂದು ವ್ಯತ್ಯಾಸವಿದೆ. ಅನಾಕ್ರಾನ್ ತಾರೀಖು ಬರೆಯುವುದು ಕೆಲಸ ಮುಗಿದ ಮೇಲೆ. ನಡುವೆ ಕರೆಂಟ್ ಹೋದರೆ ತಾರೀಖು ಹಳೆಯದೇ ಉಳಿದು, ಯಂತ್ರ ಎದ್ದಾಗ ಕೆಲಸ ಮತ್ತೆ ನಡೆಯುತ್ತದೆ. ಸಿಸ್ಟಮ್‌ಡಿ ಟೈಮರ್ ಗುರುತು ಹಾಕುವುದು ಕೆಲಸ ಆರಂಭಿಸುವಾಗಲೇ. ನಡುವೆ ನಿಂತರೂ ಅದರ ಲೆಕ್ಕದಲ್ಲಿ ಈ ಸರದಿ ಆಗಿಹೋಗಿದೆ. ಅನಾಕ್ರಾನ್ ಕೂಡ ಕೆಲಸ ಮುಗಿಯಿತೇ ಎಂದಷ್ಟೇ ನೋಡುತ್ತದೆ, ಗೆದ್ದು ಮುಗಿಯಿತೋ ಸೋತು ಮುಗಿಯಿತೋ ಕೇಳುವುದಿಲ್ಲ. ಆದ್ದರಿಂದ ಮುಖ್ಯವಾದ ಕೆಲಸಗಳು ತಮ್ಮ ಯಶಸ್ಸಿನ ಗುರುತನ್ನು ತಾವೇ ಇಟ್ಟುಕೊಳ್ಳಬೇಕು, ಅದೂ ಎಲ್ಲಕ್ಕಿಂತ ಕೊನೆಯ ಹೆಜ್ಜೆಯಾಗಿ.

ಮತ್ತೆ ಮತ್ತೆ ನಡೆದರೂ ಫಲ ಒಂದೇ ಆಗಿರುವಂತೆ ಕೆಲಸವನ್ನು ಬರೆಯುವುದು ಎರಡನೆಯ ಶಿಸ್ತು. ‘ಖಾತೆಗೆ 500 ರೂಪಾಯಿ ಸೇರಿಸು’ ಎಂಬ ಆದೇಶ ಎರಡು ಸಲ ನಡೆದರೆ ಸಾವಿರವಾಗುತ್ತದೆ. ‘ಈ ತಾರೀಖಿನ ಈ ಕ್ರಮಸಂಖ್ಯೆಯ ಜಮಾ ಇಲ್ಲದಿದ್ದರೆ ಮಾತ್ರ ಬರೆ’ ಎಂಬ ಆದೇಶ ಹತ್ತು ಸಲ ನಡೆದರೂ ಐನೂರೇ. ಬ್ಯಾಕಪ್ ಕಡತವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಡಿಸ್ಕಿಗೆ ಪೂರ್ತಿ ಇಳಿದ ಮೇಲೆ ನಿಜ ಹೆಸರಿಗೆ ಬದಲಿಸಿದರೆ, ಅರ್ಧ ಬರೆದ ಕಡತ ನಿನ್ನೆಯ ಒಳ್ಳೆಯ ಪ್ರತಿಯ ಜಾಗಕ್ಕೆ ಬಂದು ಕೂಡುವುದಿಲ್ಲ. ನಿನ್ನೆಯ ಕೆಲಸ ಇನ್ನೂ ಓಡುತ್ತಿರುವಾಗ ಇಂದಿನದು ಆರಂಭವಾಗದಂತೆ ಬೀಗದ ಕಡತವೂ ಬೇಕು. ಕರೆಂಟ್ ಹೋದಾಗ ಆ ಬೀಗ ಹಾಗೇ ಉಳಿದು ಮುಂದಿನ ಕೆಲಸಗಳನ್ನೆಲ್ಲ ತಡೆಯಬಾರದು. ಅದಕ್ಕಾಗಿ ಪ್ರಕ್ರಿಯೆ ಸತ್ತ ಕೂಡಲೇ ತಾನಾಗಿ ಬಿಡುಗಡೆಯಾಗುವ, ಕಾರ್ಯವ್ಯವಸ್ಥೆಯೇ ಕೊಡುವ ಬೀಗವನ್ನು ಬಳಸುತ್ತಾರೆ.

ಯುಪಿಎಸ್ ಇರುವಲ್ಲಿ ಅದನ್ನು ಯಂತ್ರಕ್ಕೆ ಕೇಬಲ್ ಮೂಲಕ ಜೋಡಿಸಿ, ಬ್ಯಾಟರಿ ತಗ್ಗಿದಾಗ ಯಂತ್ರ ಕ್ರಮವಾಗಿ ಮುಚ್ಚಿಕೊಳ್ಳುವಂತೆ ಮಾಡಬಹುದು. ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶ ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿದೆ.

ಗಡಿಯಾರದ ವಿಷಯ

ನಿಗದಿಯ ಎಲ್ಲ ವ್ಯವಸ್ಥೆಗಳೂ ಗಡಿಯಾರವನ್ನು ನಂಬಿವೆ. ಬಂದ್ ಆದ ಯಂತ್ರದಲ್ಲಿ ಸಮಯ ಕಾಯುವುದು ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯಿಂದ ನಡೆಯುವ ಗಡಿಯಾರ. ಆ ಬ್ಯಾಟರಿ ಸತ್ತ ಹಳೆಯ ಯಂತ್ರ ಪ್ರತಿ ಬೆಳಿಗ್ಗೆ ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ ಏಳುತ್ತದೆ. ಇಂಟರ್‌ನೆಟ್ ಸಿಕ್ಕ ಮೇಲೆ ಸಮಯ ಸರಿಹೋಗುತ್ತದೆ, ಆದರೆ ಅಷ್ಟರೊಳಗೆ ನಡೆದ ಕೆಲಸಗಳು ತಪ್ಪು ತಾರೀಖಿನ ಮುದ್ರೆ ಹೊತ್ತಿರುತ್ತವೆ. ಶಾಲೆಗಳಲ್ಲಿ ಬಳಸುವ ಅಗ್ಗದ ರಾಸ್ಪ್‌ಬೆರಿ ಪೈ ಹಲಗೆಗಳಲ್ಲಿ 2023ರ ಐದನೇ ಮಾದರಿಯವರೆಗೆ ಇಂಥ ಗಡಿಯಾರವೇ ಇರಲಿಲ್ಲ. ಸಮಯ ಸರಿಯಾದ ಮೇಲೆ ಮಾತ್ರ ಕೆಲಸ ಆರಂಭಿಸುವಂತೆ ಷರತ್ತು ಹಾಕುವುದು ಇದಕ್ಕೆ ಪರಿಹಾರ. ಡೆಬಿಯನ್‌ನ ಕ್ರಾನ್ ಮತ್ತು ಕ್ರೋನಿಗಳು ಮೂರು ಗಂಟೆಯೊಳಗಿನ ಸಮಯದ ಜಿಗಿತವನ್ನು ಗುರುತಿಸಿ, ನಡುವೆ ತಪ್ಪಿದ ಕೆಲಸಗಳನ್ನು ನಡೆಸುತ್ತವೆ. ಅದಕ್ಕಿಂತ ದೊಡ್ಡ ಜಿಗಿತವನ್ನು ಗಡಿಯಾರದ ತಿದ್ದುಪಡಿ ಎಂದು ತಿಳಿದು ಸುಮ್ಮನಾಗುತ್ತವೆ.

ದೇಶದ ಅಧಿಕೃತ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಯಂತ್ರಗಳ ಗಡಿಯಾರವನ್ನು ಈ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ಸಮಯ ಸರ್ವರ್‌ಗಳಿಗೆ ಹೊಂದಿಸಬೇಕು. ಯುರೋಪ್, ಅಮೆರಿಕಗಳಲ್ಲಿ ವರ್ಷಕ್ಕೆರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುವುದರಿಂದ ಹುಟ್ಟುವ ತೊಡಕುಗಳು ಭಾರತದಲ್ಲಿಲ್ಲ.

ಮಳೆಮಾಪಕಗಳು: ಒಂದು ದೊಡ್ಡ ನಿದರ್ಶನ

ಆವರ್ತಕ ಕೆಲಸ ರಾಜ್ಯದ ಅಗಲಕ್ಕೂ ನಡೆಯುವುದನ್ನು ನೋಡಬೇಕಾದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲವನ್ನು ನೋಡಬೇಕು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಈ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸುಮಾರು 6,500 ದೂರಸಂವೇದಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ನೆಟ್ಟಿದೆ. ಸೌರಫಲಕ ಮತ್ತು ಬ್ಯಾಟರಿಯಿಂದ ನಡೆಯುವ ಈ ಪೆಟ್ಟಿಗೆಗಳು 15 ನಿಮಿಷಕ್ಕೊಮ್ಮೆ ಅಂಕಿಅಂಶವನ್ನು ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಕಳಿಸುತ್ತವೆ. ಮಳೆಯ ದಿನ ಭಾರತದಲ್ಲಿ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ.

ಇಂಥ ಜಾಲದಲ್ಲಿ ಒಂದು ನೆಲೆ ಕೆಲಕಾಲ ಮೌನವಾಗುವುದು ಸಹಜ. ಮೋಡ ಕವಿದ ದಿನಗಳಲ್ಲಿ ಸೌರಫಲಕ ದುರ್ಬಲ, ಜೋರು ಮಳೆಯಲ್ಲಿ ಮೊಬೈಲ್ ಗೋಪುರಕ್ಕೇ ಕರೆಂಟ್ ಇಲ್ಲ. ಮಾಹಿತಿ ಅತಿ ಅಗತ್ಯವಾದ ಹೊತ್ತಿನಲ್ಲೇ ಸಂಪರ್ಕ ಕಡಿಯುವ ಸಂಭವ ಹೆಚ್ಚು. ಆದ್ದರಿಂದ ಅಳತೆಗೆ ಅಳತೆಯಾದ ಹೊತ್ತಿನ ಮುದ್ರೆ ಬೀಳಬೇಕೇ ಹೊರತು ತಲುಪಿದ ಹೊತ್ತಿನದಲ್ಲ. ಬುಧವಾರ ತಲುಪಿದ ಮಂಗಳವಾರದ ಮಳೆ ಮಂಗಳವಾರದ ಲೆಕ್ಕಕ್ಕೇ ಸೇರಬೇಕು. ‘ಮಳೆ ಇಲ್ಲ’ ಮತ್ತು ‘ಮಾಹಿತಿ ಇಲ್ಲ’ ಎರಡನ್ನೂ ಸೊನ್ನೆ ಎಂದು ಬರೆದರೆ ಬರದ ಲೆಕ್ಕವೂ ಬೆಳೆ ವಿಮೆಯ ಲೆಕ್ಕವೂ ಕೆಡುತ್ತದೆ. ತೊಗರಿ, ಜೋಳ, ದ್ರಾಕ್ಷಿ ಬೆಳೆಯುವ ವಿಜಯಪುರದಂಥ ಕಡಿಮೆ ಮಳೆಯ ಜಿಲ್ಲೆಯ ರೈತನಿಗೆ ಆ ಎರಡರ ವ್ಯತ್ಯಾಸ ಹಣದ ವ್ಯತ್ಯಾಸ.

ಹಲವು ಯಂತ್ರಗಳಿಗೆ ಹಂಚಿದ ನಿಗದಿ

ಒಂದು ಯಂತ್ರ ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳಲಿ ಎಂಬುದು ದೊಡ್ಡ ಸಂಸ್ಥೆಗಳ ದಾರಿ. ಇಲ್ಲಿ ಎರಡೂ ಯಂತ್ರಗಳು ಒಂದೇ ಕೆಲಸ ಮಾಡಿಬಿಡುವ ಅಪಾಯ ಹೊಸದಾಗಿ ಸೇರುತ್ತದೆ. ಗೂಗಲ್ ತನ್ನ ವಿತರಿತ ಕ್ರಾನ್ ಬಗ್ಗೆ 2015ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಕ್ರಾನ್‌ನ ಹಲವು ಪ್ರತಿಗಳು ಪ್ಯಾಕ್ಸಾಸ್ ಎಂಬ ಒಮ್ಮತದ ವಿಧಾನದಿಂದ ಒಬ್ಬ ನಾಯಕನನ್ನು ಆರಿಸಿಕೊಳ್ಳುತ್ತವೆ. ಪ್ರತಿ ಆರಂಭವನ್ನೂ ಮುಕ್ತಾಯವನ್ನೂ ಎಲ್ಲ ಪ್ರತಿಗಳೂ ಬರೆದಿಟ್ಟುಕೊಳ್ಳುತ್ತವೆ. ಸಂದೇಹ ಬಂದಾಗ ಎರಡು ಸಲ ಮಾಡುವುದಕ್ಕಿಂತ ಒಂದು ಸರದಿ ಬಿಡುವುದೇ ಲೇಸು ಎಂಬ ನಿಲುವು ಅಲ್ಲಿನದು. ಎರಡು ಸಲ ಹೋದ ಸಂಬಳವನ್ನು ವಾಪಸ್ ಪಡೆಯುವುದು ಕಷ್ಟ, ಬಿಟ್ಟುಹೋದ ಕೆಲಸವನ್ನು ಆಮೇಲೆ ಮಾಡಬಹುದು.

ಹಲವು ಯಂತ್ರಗಳನ್ನು ಒಟ್ಟಾಗಿ ನಡೆಸುವ ಕುಬರ್ನೆಟಿಸ್ ತಂತ್ರಾಂಶದ ಕ್ರಾನ್‌ಜಾಬ್‌ನಲ್ಲಿ ತಪ್ಪಿದ ಕೆಲಸವನ್ನು ಎಷ್ಟು ತಡವಾಗುವವರೆಗೆ ಆರಂಭಿಸಬಹುದು ಎಂಬ ಗಡುವನ್ನೂ, ಹಿಂದಿನದು ಮುಗಿಯದಿದ್ದರೆ ಹೊಸದನ್ನು ನಡೆಯಲು ಬಿಡಬೇಕೋ ತಡೆಯಬೇಕೋ ಬದಲಿಸಬೇಕೋ ಎಂಬುದನ್ನೂ ಬರೆಯಬಹುದು. 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯಲ್ಲಿ ಹುಟ್ಟಿದ ಏರ್‌ಫ್ಲೋ ಎಂಬ ತಂತ್ರಾಂಶ ಪ್ರತಿ ಸರದಿಯನ್ನೂ ಅದರ ಕಾಲಾವಧಿಯ ಹೆಸರಿನಿಂದ ಗುರುತಿಸುತ್ತದೆ. ತಪ್ಪಿದ ಅವಧಿಗಳನ್ನೆಲ್ಲ ಒಂದೊಂದಾಗಿ ತುಂಬಬೇಕೇ, ಹೊಸದನ್ನಷ್ಟೇ ನಡೆಸಬೇಕೇ ಎಂಬ ಆಯ್ಕೆ ಬಳಕೆದಾರನದು.

ಕಾವಲು

ನಿಂತ ಯಂತ್ರ ತಾನು ನಿಂತಿದ್ದೇನೆಂದು ಹೇಳಲಾರದು. ಆದ್ದರಿಂದ ತಪ್ಪಿದ ಕೆಲಸವನ್ನು ಪತ್ತೆ ಹಚ್ಚುವ ಹೊಣೆ ಬೇರೆ ಯಂತ್ರದ್ದಾಗಿರಬೇಕು. ಅದರ ವಿಧಾನ ಹೀಗೆ: ಕೆಲಸ ಯಶಸ್ವಿಯಾಗಿ ಮುಗಿದಾಗ ದೂರದ ಸರ್ವರ್‌ಗೆ ಒಂದು ಸಣ್ಣ ಸಂಕೇತ ಕಳಿಸುವುದು. ನಿರೀಕ್ಷಿತ ಹೊತ್ತಿನೊಳಗೆ ಸಂಕೇತ ಬಾರದಿದ್ದರೆ ಆ ಸರ್ವರ್ ಹೊಣೆಗಾರರ ಮೊಬೈಲಿಗೆ ಸಂದೇಶ ಕಳಿಸುವುದು. ಸೋತಾಗ ಮಾತ್ರ ಕೂಗುವ ಏರ್ಪಾಡಿಗಿಂತ, ಗೆದ್ದ ಸುದ್ದಿ ಬಾರದಿದ್ದರೆ ಕೂಗುವ ಏರ್ಪಾಡು ಹೆಚ್ಚು ಭದ್ರ.

ಆಯ್ಕೆಯ ಕ್ರಮ

ಸಣ್ಣ ಕಚೇರಿಗೆ ದುಬಾರಿ ಸಲಕರಣೆ ಬೇಕಿಲ್ಲ. ಯಂತ್ರ ಲಿನಕ್ಸ್‌ನದಾದರೆ ಬರೀ ಕ್ರಾನ್ ಬಿಟ್ಟು ಅನಾಕ್ರಾನ್ ಅಥವಾ ಪರ್ಸಿಸ್ಟೆಂಟ್ ಸಾಲುಳ್ಳ ಟೈಮರ್ ಬಳಸಬೇಕು. ವಿಂಡೋಸ್ ಆದರೆ ಮೇಲೆ ಹೇಳಿದ ಎರಡು ಚೌಕಗಳನ್ನು ನೋಡಬೇಕು. ಕೆಲಸದ ಹೊತ್ತನ್ನು ನಡುರಾತ್ರಿಗಿಂತ ಕಚೇರಿಯ ಹೊತ್ತಿನಲ್ಲೇ, ಬೆಳಿಗ್ಗೆ ಯಂತ್ರ ಎದ್ದು ಸ್ವಲ್ಪ ಸಮಯದ ನಂತರ ಇಡುವುದು ಒಳ್ಳೆಯದು. ಮಧ್ಯರಾತ್ರಿಯ ನಿಗದಿ ಎಂದೂ ನಿಲ್ಲದ ಸರ್ವರ್‌ಗಳ ಪದ್ಧತಿ, ಅದನ್ನು ಇಲ್ಲಿಗೆ ತರುವ ಅಗತ್ಯವಿಲ್ಲ. ಪ್ರತಿ ಕೆಲಸಕ್ಕೂ ತಪ್ಪಿದರೆ ಬಿಡಬೇಕೇ, ಒಮ್ಮೆ ಮಾಡಬೇಕೇ, ಪ್ರತಿ ಬಾಕಿಯನ್ನೂ ತೀರಿಸಬೇಕೇ ಎಂದು ಮೊದಲೇ ಬರೆದಿಡಬೇಕು.

ಏರ್ಪಾಡು ಮಾಡಿದ ಮೇಲೆ ಪರೀಕ್ಷೆ ಮಾಡಲೇಬೇಕು. ಕೆಲಸದ ಹೊತ್ತಿಗೆ ಯಂತ್ರವನ್ನು ಬೇಕೆಂದೇ ಬಂದ್ ಮಾಡಿ, ಮರುದಿನ ಎಬ್ಬಿಸಿ, ಬಾಕಿ ತೀರಿತೇ ನೋಡಬೇಕು. ಬ್ಯಾಕಪ್ ಕಡತವನ್ನು ಬೇರೆ ಯಂತ್ರದಲ್ಲಿ ತೆರೆದು ಲೆಕ್ಕ ತಾಳೆಯಾಗುತ್ತದೆಯೇ ನೋಡಬೇಕು. ನಗರದ ಡೇಟಾ ಸೆಂಟರ್‌ಗೆ ಬರೆದ ಸೂತ್ರವನ್ನು ಮನಗೂಳಿಯ ಮೇಜಿನ ಮೇಲಿನ ಯಂತ್ರಕ್ಕೆ ಹಾಗೇ ಹಾಕಿದರೆ ಸಾಲದು. ಇಲ್ಲಿನ ರೈತನ ಹಾಲಿನ ಲೆಕ್ಕಕ್ಕೂ ಪಹಣಿಗೂ ನಗರದ ಬ್ಯಾಂಕ್ ಖಾತೆಗೆ ಸಿಗುವಷ್ಟೇ ಭದ್ರತೆ ಸಿಗಬೇಕು, ಅದಕ್ಕೆ ಬೇಕಾದ ತಂತ್ರಾಂಶ ಆಗಲೇ ಆ ಯಂತ್ರಗಳೊಳಗೆ ಇದೆ.